ಪುರವರದ ಕರಿಯಕ್ಕ ಬೇಡ ಅಂದ ಸುದ್ದಿ

೫-೧೦-೭೧, ಮಂಗಳವಾರ. ಮಧುಗಿರಿ

ಪುರಸಭೆಯ ನೀರಿನ ಸುದ್ದಿ ಮುಗಿಸಿದೆ. ಅದೇ ಪೈಪು, ಅದೇ ಭರವಸೆ. ‘ಳ’ ಅಕ್ಷರದ ಅಚ್ಚುಮೊಳೆ ಸಾಲದು. “ಬೇರೆ ಪದ ಹುಡುಕಯ್ಯ” ಅಂದರು ವೃಷಭೇಂದ್ರಪ್ಪನವರು. ನಮ್ಮ ವಾರಪತ್ರಿಕೆಗೆ ಮಾಲೀಕರು, ಸಂಪಾದಕರು, ಪ್ರೂಫ್ ನೋಡುವವರು ಎಲ್ಲ ಅವರೇ. ವರದಿಗಾರ ಮಾತ್ರ ನಾನು.

ಮಧ್ಯಾಹ್ನ ಪುರವರದಿಂದ ಕರಿಯಕ್ಕ ಅಂತ ಒಬ್ಬಾಕೆ ಬಂದರು. ಕುರಿ ಸಾಕುವವರು. ಗಂಡ ಇಲ್ಲ. ಒಬ್ಬನೇ ಮಗ ಕಾಟಪ್ಪ, ಮಿಲಿಟರಿಯಲ್ಲಿ. ಜೂನ್‌ನಿಂದ ಕಾಗದವಿಲ್ಲ. ಮೇಷ್ಟ್ರ ಕೈಲಿ ಬರೆಸಿ ಹಾಕಿದ ಮೂರು ಕಾಗದವೂ ವಾಪಸ್. ಮೇಲೆ ಇಂಗ್ಲಿಷಿನಲ್ಲಿ ಷರಾ — ಈ ಯೂನಿಟ್‌ನಲ್ಲಿ ಇಲ್ಲ.

“ಓಡೋಗವ್ನೆ ಅಂತವ್ರೆ ಊರಲ್ಲಿ. ಪೇಪರ್ನೋರಿಗೆ ಗೊತ್ತಿರ್ತದೆ ಅಂತ ಬಂದೆ ಅಯ್ನೋರೆ.”

ವಿಚಾರಿಸ್ತೀನಿ ಅಂದೆ. ಎಲ್ಲಿ ಅಂತ ವಿಚಾರಿಸೋದು…

೧೩-೧೦, ಬುಧವಾರ. ಶಿರಾ ಬಸ್‌ಸ್ಟ್ಯಾಂಡು

ಬಸ್ಸು ಬರೋದರೊಳಗೆ ಬರೆದಿಡಬೇಕು.

ಗಾಯಗೊಂಡ ಸೈನಿಕ ದಸ್ತಗೀರ್ ಊರಿಗೆ ಬಂದಿದ್ದಾನೆ, ನಾಲ್ಕು ಸಾಲು ಬರೆಯೋಣ ಅಂತ ಬಂದಿದ್ದೆ. ಕೋಟೆ ಹತ್ತಿರ ಮನೆ. ಎಡಗಾಲಿಗೆ ಮೊಣಕಾಲವರೆಗೂ ಪ್ಲಾಸ್ಟರ್.

“ಟ್ರೇನಿಂಗ್‌ನಲ್ಲಿ ಆಕ್ಸಿಡೆಂಟು ಸಾಬ್. ಇನ್ನೇನಿಲ್ಲ.”

ಏಳುವಾಗ ಸುಮ್ಮನೆ ಕೇಳಿದೆ — ಪುರವರದ ಕಾಟಪ್ಪ ಗೊತ್ತಾ? ಓಡಿಹೋಗಿದ್ದಾನೆ ಅಂತಾರೆ.

ಮುಖ ಕೆಂಪಾಯಿತು. “ಕಾಟಪ್ಪ ಭಗೋಡಾ? ಯಾರು ಹೇಳಿದ್ದು? ನಾಲ್ಕು ಮೈಲಿ ನನ್ನ ಹೊತ್ಕೊಂಡು ಬಂದವನು ಅವನು!” ಎದ್ದೇಬಿಡುತ್ತಿದ್ದ. ಅವನ ತಾಯಿ ಹಿಡಿದು ಕೂರಿಸಿದರು. ಆಮೇಲೆ ತಡೆಯಲಾಗಲಿಲ್ಲ, ಹೇಳಿದ. ಇಬ್ಬರೂ ಗಡಿ ದಾಟಿ ಪೂರ್ವ ಪಾಕಿಸ್ತಾನದ ಒಳಗೆ ಇದ್ದರು. ಯೂನಿಫಾರಂ ಇಲ್ಲ, ಲುಂಗಿ ಬನಿಯನ್ನು. ಬಂಗಾಳಿ ಹುಡುಗರಿಗೆ ಸೇತುವೆ ಹಾರಿಸೋದು ಕಲಿಸೋ ಕೆಲಸ. ಇವನನ್ನು ಗಡಿ ಮುಟ್ಟಿಸಿ ಕಾಟಪ್ಪ ವಾಪಸ್ ಹೋದ, ಇನ್ನೂ ಅಲ್ಲೇ ಇದ್ದಾನೆ.

“ಕಾಗಜ್ ಮೇಲೆ ನಾವು ಅಲ್ಲಿ ಇಲ್ಲವೇ ಇಲ್ಲ ಸಾಬ್. ಸತ್ತರೂ ಇಲ್ಲ.”

ಹೊರದೇಶದ ಪತ್ರಿಕೆಗಳು ಬರೆಯುತ್ತಿವೆ, ದಿಲ್ಲಿ ಇಲ್ಲ ಅನ್ನುತ್ತಿದೆ. ನನ್ನ ಹತ್ತಿರ ಈಗ ಹೆಸರಿದೆ, ಊರಿದೆ. ಇಂಥದ್ದು ಬೆಂಗಳೂರಿನವರಿಗೂ ಸಿಕ್ಕಿಲ್ಲ!

೧೫-೧೦, ಶುಕ್ರವಾರ

ಮುಖಪುಟಕ್ಕೆ ಕಂಪೋಸ್ ಆಗಿತ್ತು. ‘ಓಡಿಹೋದವನಲ್ಲ, ವೀರ’ — ಹೆಡಿಂಗ್ ನಾನೇ ಕೊಟ್ಟಿದ್ದು. ವೃಷಭೇಂದ್ರಪ್ಪನವರು ಪ್ರೂಫ್ ಎರಡು ಸಲ ಓದಿದರು. ಕನ್ನಡಕ ತೆಗೆದರು.

“ಚೆನ್ನಾಗಿ ಬರೆದಿದ್ದೀಯ. ಆ ತಾಯಿನ ಕೇಳಿದ್ದೀಯಾ?”

“ಕೇಳೋದೇನು ಸಾರ್, ಕುಣಿದಾಡ್ತಾರೆ.”

“ಕೇಳ್ಕೊಂಡು ಬಾ.”

ನಮ್ಮದು ಆರುನೂರು ಪ್ರತಿ, ಢಾಕಾದಲ್ಲಿ ಯಾರು ಓದ್ತಾರೆ ಅಂತ ವಾದಿಸಿದೆ. “ಬೆಂಗಳೂರಿನವರು ಎತ್ತಿ ಹಾಕ್ಕೊಂಡರೆ? ಅಲ್ಲಿಂದ ರೇಡಿಯೋಗೆ ಎಷ್ಟು ದೂರ?” ಹನ್ನೊಂದರ ಬಸ್ಸು ಹತ್ತಿದೆ.

ಕರಿಯಕ್ಕ ಬೇಲಿ ಕಟ್ಟುತ್ತಿದ್ದರು. ಯಾರಿಗೂ ಹೇಳಬೇಡಿ ಅಂತ ಮೊದಲೇ ಹೇಳಿ, ಎಲ್ಲ ಹೇಳಿದೆ, ಪೇಪರಿಗೆ ಬರೆದದ್ದನ್ನೂ. ಮಗ ಬದುಕಿದ್ದಾನೆ ಅಂದಾಗ ಕೈಲಿದ್ದ ಮುಳ್ಳು ಕೆಳಗೆ ಬಿತ್ತು. ಅಷ್ಟೇ. ಆಮೇಲೆ ಕೇಳಿದರು.

“ಅವನ ಜೊತೇಲಿ ಎಷ್ಟು ಜನ ಹೈಕ್ಳವ್ರೆ?”

“ಗೊತ್ತಿಲ್ಲ. ಇಪ್ಪತ್ತೋ ಮೂವತ್ತೋ.”

“ನೀವು ಪೇಪರ್‌ನಾಗೆ ಹಾಕಿದ್ರೆ ಆ ಕಡೆಯೋರಿಗೆ ಗೊತ್ತಾಗ್ತದಾ?”

“…ಆದರೂ ಆಗಬಹುದು.”

“ಅಂಗಾದ್ರೆ ಬ್ಯಾಡ.”

ಊರು ಕಾಟಪ್ಪನನ್ನು ಬೈಯುತ್ತಿದೆಯಲ್ಲ ಅಂದೆ. ಬಡವನಹಳ್ಳಿ ಕ್ಯಾತಣ್ಣನ ಮಗಳ ಜೊತೆ ಅವನ ಮದುವೆ ಮಾತಾಗಿದೆ ಅಂತ ಬಸ್ಸಿನಲ್ಲಿ ಕೇಳಿದ್ದೆ; ಅದೂ ಮುರಿಯುತ್ತೆ ಅಂದೆ. ನಾಚಿಕೆಯಾಗಬೇಕು ನನಗೆ — ಸುದ್ದಿಗೋಸ್ಕರ ಹೆದರಿಸುತ್ತಿದ್ದೆ.

“ಮುರೀಲಿ. ಬೈಲಿ. ಬೈದ್ರೆ ಯಾರೂ ಸಾಯಾಕಿಲ್ಲ ಅಯ್ನೋರೆ.” ಮತ್ತೆ ಮುಳ್ಳು ಎತ್ತಿಕೊಂಡರು.

ವಾಪಸ್ ಬಂದು ಹೇಳಿದೆ. ವೃಷಭೇಂದ್ರಪ್ಪನವರು ಎದ್ದರು. ಕಟ್ಟಿದ್ದ ಪುಟ ಬಿಚ್ಚಿ, ಮೊಳೆಗಳನ್ನು ಒಂದೊಂದಾಗಿ ಖಾನೆಗಳಿಗೆ ತಾವೇ ಹಾಕತೊಡಗಿದರು. ಪ್ರೂಫ್ ಒಲೆಗೆ. ಮುಖಪುಟಕ್ಕೆ ಪುರಸಭೆಯ ನೀರು. ಕೈಗೆ ಬಂದ ಸುದ್ದಿ ಹೋಯಿತು. ಆದರೂ… ಇಂಥ ಸಂಪಾದಕರು ಎಷ್ಟು ಜನ ಇದ್ದಾರು?

೨೯-೧೦, ಶುಕ್ರವಾರ

ಬಡವನಹಳ್ಳಿ ಕ್ಯಾತಣ್ಣ ಪ್ರೆಸ್ಸಿಗೇ ಬಂದಿದ್ದ. ಕೆಟ್ಟವನಲ್ಲ. ಮಗಳನ್ನು ಹೆತ್ತವನು.

“ನೀವು ಪುರವರಕ್ಕೋಗಿ ಬಂದ್ರಂತೆ. ಹುಡ್ಗನ ಇಚಾರ ಏನಾನಾ ಗೊತ್ತಾ? ಹೊಳವನಹಳ್ಳಿಯೋರು ಕೇಳ್ತಾವ್ರೆ ಹುಡ್ಗೀನ. ಇವತ್ತು ಒಂದು ಮಾತು ಹೇಳ್ಬುಡಿ ಸ್ವಾಮಿ, ಇನ್ನೊಂದು ವರ್ಷ ಬೇಕಾದ್ರೂ ಕಾಯ್ತೀನಿ.”

ಒಂದು ಮಾತು. ನಾಲಿಗೆ ತುದಿಯಲ್ಲೇ ಇತ್ತು.

ಗೊತ್ತಿಲ್ಲ ಅಂದೆ.

೧೪-೧೧, ಭಾನುವಾರ

ಕ್ಯಾತಣ್ಣನ ಮಗಳ ಮದುವೆ ಆಯಿತು. ಹೋಗಲಿಲ್ಲ. ಕರಿಯಕ್ಕ ಹೋಗಿದ್ದರಂತೆ! ಅಕ್ಷತೆ ಹಾಕಿ, ಊಟ ಮಾಡಿ ಬಂದರಂತೆ. ಪಂಕ್ತಿಯಲ್ಲಿ ಯಾರೋ “ಓಡೋದವ್ನ ಅವ್ವ” ಅಂದರಂತೆ. ಇನ್ನಷ್ಟು ಪಾಯಸ ಹಾಕಿಸಿಕೊಂಡರಂತೆ. ಪುರವರದ ಬಸ್ಸಿನ ಕಂಡಕ್ಟರ್ ನಗುತ್ತಾ ಹೇಳಿದ. ನಗಲಾಗಲಿಲ್ಲ.

೪-೧೨, ಶನಿವಾರ

ಯುದ್ಧ. ರೇಡಿಯೋ ಅಂಗಡಿ ಮುಂದೆ ಜಾತ್ರೆಯಷ್ಟು ಜನ. ಇನ್ನು ಗುಟ್ಟೇನು ಉಳಿಯಿತು, ಬರೆಯಬಹುದಲ್ಲ ಅಂದೆ. ವೃಷಭೇಂದ್ರಪ್ಪ: “ಹುಡುಗ ಮನೆಗೆ ಬಂದನಾ?” ಇಲ್ಲ. “ಹಾಗಾದರೆ ಗುಟ್ಟು ಇನ್ನೂ ಇದೆ.”

೧೬-೧೨, ಗುರುವಾರ

ಢಾಕಾದಲ್ಲಿ ಶರಣಾಗತಿ. ಪಟಾಕಿ, ಸಕ್ಕರೆ. ಸಂಜೆ ಪುರವರಕ್ಕೆ ಹೋದೆ. ಕರಿಯಕ್ಕ ಕೇಳಿದ್ದು ಒಂದೇ. “ಎಲ್ರೂ ವಾಪಸ್ ಬತ್ತಾರಾ?” ಎಲ್ಲರೂ ಅಂದರು. ನನ್ನ ಮಗ ಅನ್ನಲಿಲ್ಲ.

೨೩-೧-೭೨, ಭಾನುವಾರ

ಬಂದ! ಕಾಟಪ್ಪ ಬಂದ. ಸುದ್ದಿ ಕೇಳಿ ಓಡಿದೆ. ಕಡ್ಡಿಯಂತಾಗಿದ್ದಾನೆ. ಎಡಗೈಯಲ್ಲಿ ಎರಡು ಬೆರಳಿಲ್ಲ. ಊರೆಲ್ಲ ಅಂಗಳದಲ್ಲಿ — ಅಕ್ಟೋಬರ್‌ನಲ್ಲಿ ಉಗಿದವರೂ ಹಾರ ಹಿಡಿದು ನಿಂತಿದ್ದರು.

ಮದುವೆ ವಿಷಯ ಯಾರೋ ಆಗಲೇ ಹೇಳಿದ್ದರು. “ಯಾವೂರಿಗೆ ಕೊಟ್ರು?” ಅಂತ ನನ್ನನ್ನು ಕೇಳಿದ. ಹೊಳವನಹಳ್ಳಿಗೆ ಅಂದೆ. ಎದ್ದು ಕುರಿರೊಪ್ಪದ ಕಡೆ ಹೋದ. ಅಲ್ಲೇ ಬಹಳ ಹೊತ್ತು ನಿಂತಿದ್ದ.

ನಾನೂ ಹೋಗಿ ಎಲ್ಲ ಒಪ್ಪಿಕೊಂಡೆ — ಗೊತ್ತಿದ್ದೂ ಕ್ಯಾತಣ್ಣನಿಗೆ ಹೇಳದೇ ಇದ್ದದ್ದು, ಪೇಪರಿಗೆ ಹಾಕೋದು ಅವನ ತಾಯಿ ಬೇಡ ಅಂದದ್ದು. ಅವನಿಗೆ ಅದು ಗೊತ್ತೇ ಇರಲಿಲ್ಲ.

“ಅವ್ವಂಗೆ ಗೊತ್ತಿತ್ತಾ? ಗೊತ್ತಿದ್ದೂ ಬೈಸ್ಕೊಂಡ್ಳಾ?”

ತಲೆಯಾಡಿಸಿದೆ. ಬೆರಳಿಲ್ಲದ ಕೈಯಿಂದಲೇ ಮುಖ ಒರೆಸಿಕೊಂಡ.

“ಅಕ್ಟೋಬರ್ ಕೊನೇಲಿ ಒಂದು ಹಳ್ಳೀಲಿ ಬಚ್ಚಿಟ್ಕೊಂಡಿದ್ವಿ ಸಾರ್, ಇಪ್ಪತ್ತಾರು ಜನ. ನಾವು ಅಲ್ಲಿದೀವಿ ಅನ್ನೋ ಅನುಮಾನ ಆ ಕಡೆಯೋರಿಗೆ ಬಂದಿದ್ರೂ ಸಾಕಿತ್ತು, ಒಬ್ನೂ ಉಳೀತಿರ್ಲಿಲ್ಲ.” ಆಮೇಲೆ ಅಂದ — “ಜಾಗ, ಕೆಲ್ಸ ಬರೀಬ್ಯಾಡಿ. ಸರ್ಕಾರ ಇವತ್ತಿಗೂ ಇಲ್ಲ ಅಂತೈತೆ. ನಾನೂ ಇಲ್ಲ ಅಂತೀನಿ. ಅವ್ವನ ಇಚಾರ ಬರೀರಿ. ಎಷ್ಟಾದ್ರೂ ಬರೀರಿ.”

೨೭-೧, ಗುರುವಾರ, ಸಂಜೆ ೫

ಬರೆದೆ. ಮುಖಪುಟ. ಈ ಸಲ ಯಾರೂ ಹೇಳದೆಯೇ ಪ್ರೂಫ್ ಹಿಡಿದು ಪುರವರಕ್ಕೆ ಹೋದೆ. ಕರಿಯಕ್ಕ ಕಲ್ಲಿನ ಮೇಲೆ ಕೂತು ಕೇಳಿದರು. ‘ಈ ತಾಯಿ ಒಂದು ಹನಿ ಕಣ್ಣೀರೂ ಹಾಕಲಿಲ್ಲ’ — ಅಲ್ಲಿ ಕೈ ಎತ್ತಿದರು.

“ಅದು ಸುಳ್ಳು.”

“ಹೊಗಳಿಕೆ ಕರಿಯಕ್ಕ, ಇರಲಿ ಬಿಡಿ.”

“ಕುರಿ ಹಿಂದೆ ಬಯಲಾಗೆ ದಿನಾ ಅತ್ತಿವ್ನಿ. ನೀವ್ ಕಾಣ್ಲಿಲ್ಲ, ಅಷ್ಟೇಯ. ಇಂಗೆ ಬರದ್ರೆ ನಾಳೆ ಇನ್ನೊಬ್ಳು ಅವ್ವ ಅಳಾಕೆ ನಾಚ್ಕೊಂತಾಳೆ. ತೆಗೀರಿ ಅದ.”

ಮೂರು ತಿಂಗಳಲ್ಲಿ ಈಕೆ ನನ್ನ ಬರಹದ ಮೇಲೆ ಇಟ್ಟ ಬೇಡಿಕೆ ಎರಡೇ. ಎರಡೂ ಸರಿ.

ಸಾಲು ತೆಗೆದೆ. ಒಳಪುಟ ಆಗಲೇ ಅಚ್ಚಾಗುತ್ತಿದೆ. ವೃಷಭೇಂದ್ರಪ್ಪನವರು ತಲೆ ಮೇಲೆ ನಿಂತಿದ್ದಾರೆ, ಬೇಗ ಅಂತ. ಇಲ್ಲೇ ಬರೆದು ನೋಡ್ತೀನಿ —

‘ಕರಿಯಕ್ಕ ಅತ್ತರು. ಕುರಿ ಹಿಂದೆ ಬಯಲಿಗೆ ಹೋದಾಗ ಅತ್ತರು. ದಿನವೂ ಅತ್ತರು. ಊರೊಳಗೆ ಕಾಲಿಡುವ ಮುಂಚೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬೈಯುವವರ ನಡುವೆ ನಡೆದು ಬಂದರು.’