ಮಣ್ಣಿಲ್ಲದ ಸೊಪ್ಪು

ತಮ್ಮಾ, ಅಕ್ಕನ ಆಶೀರ್ವಾದ.

ನನ್ನ ಮಗಳು ಇಲ್ಲಿ ಮುಚ್ಚಿದ ಕೋಣೆಯೊಳಗೆ, ನೇರಳೆ ದೀಪದ ಕೆಳಗೆ, ಮಣ್ಣೇ ಇಲ್ಲದೆ ನೀರಿನ ಕೊಳವೆಗಳಲ್ಲಿ ಸೊಪ್ಪು ಬೆಳೆಯುತ್ತಾಳೆ. ನಿನ್ನೆ ಅದನ್ನು ನೋಡಲು ಜನರನ್ನು ಕರೆದಿದ್ದಳು. ಒಬ್ಬ ಹೆಂಗಸು ಕಟ್ಟು ಕೈಗೆತ್ತಿಕೊಂಡು, "ಅಜ್ಜೀ, ಇದೆಲ್ಲ ಬರೀ ಔಷಧಿ ಹಾಕಿ ಬೆಳೆಸಿದ್ದು ಅಂತಾರಲ್ಲ, ನೀವು ತಿಂತೀರಾ?" ಅಂದಳು. ನನಗೂ ಒಳಗೊಳಗೇ ಅದೇ ಅಳುಕು, ತಡವರಿಸಿಬಿಟ್ಟೆ. ಅವಳು ಕಟ್ಟು ಕೆಳಗಿಟ್ಟಳು, ಹಿಂದಿದ್ದವರೂ ಇಟ್ಟರು.

"ಅಮ್ಮಾ, ನೀನೇ ಹಿಂಗೆ ಮಾಡಿದ್ರೆ ನಾನು ಯಾರಿಗೆ ಮಾರ್ಲಿ?" ಎಂದಳು ಮಗಳು, ಅವರೆಲ್ಲ ಹೋದ ಮೇಲೆ. ಕೊಳ್ಳುವವರು ಸಿಗದಿದ್ದರೆ ಈ ತಿಂಗಳೇ ಕೋಣೆಗೆ ಬೀಗವಂತೆ.

ಬೆಳಗಿನಿಂದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಆಡಿನ ಹಾಗೆ ಹಸಿ ಸೊಪ್ಪು ಮೇಯುತ್ತಿದ್ದೇನೆ. ಹೊಟ್ಟೆಗೇನೂ ಆಗಿಲ್ಲ, ಮಂಡಿನೋವು ಹಾಗೇ ಇದೆ. ಇನ್ನೂ ಒಬ್ಬರೂ ಕೊಂಡಿಲ್ಲ. ಅಂಚೆಯವನು ಬಂದ, ಮುಗಿಸುತ್ತೇನೆ. ಅವನೂ ನನ್ನ ಬಾಯನ್ನೇ ನೋಡುತ್ತಿದ್ದಾನೆ.

ನಿನ್ನಕ್ಕ