ಉಪ್ಪಿನ ರೊಟ್ಟಿ

ಅಮ್ಮಾ,

ನೀನು ಹೋದ ಮೇಲೆ ಮೊದಲ ಸಲ ಇವತ್ತು ನಿನ್ನ ಒಲೆಯ ಮುಂದೆ ಕೂತು ಉಂಡು ಬಂದೆ. ನಾನಾಗಿ ಹೋದದ್ದಲ್ಲ. ಎಫ್ರೇನನ ತಂದೆ ತಾಯಿ ನಮ್ಮ ಮದುವೆ ಮಾತಿಗೆ ರಾಜಧಾನಿಯಿಂದ ಬಂದಿದ್ದರು. ಅಪ್ಪಟ ಹಳ್ಳಿ ಊಟ ಬೇಕು ಅಂತ ತ್ಲಾಕೊಲುಲಾ ಸಂತೆಯ ಹಿಂದೆ ನೀನು ಅಡುಗೆ ಮಾಡುತ್ತಿದ್ದ ಆ ಪುಟ್ಟ ಹೋಟೆಲಿಗೇ ನಮ್ಮನ್ನು ಕರೆದುಕೊಂಡು ಹೋದರು. ನಮ್ಮಮ್ಮ ಟೀಚರಾಗಿದ್ರು ಅಂತ ಅವರಿಗೆ ಹೇಳಿಬಿಟ್ಟಿದ್ದೆ. ಅಲ್ಲಿಗೆ ಬೇಡ ಅನ್ನೋದಕ್ಕೆ ಕಾರಣ ಎಲ್ಲಿಂದ ತರಲಿ?

ನಿನ್ನ ಜೊತೆ ಅಷ್ಟು ವರ್ಷ ಮೆಕ್ಕೆಜೋಳದ ರೊಟ್ಟಿ ತಟ್ಟಿದ ದೋನ್ಯಾ ಚೋನಾ ನನ್ನನ್ನು ನೋಡಿದಳು. ಹಂಚಿನಿಂದ ಮೊದಲ ರೊಟ್ಟಿ ತೆಗೆದು, ಉಪ್ಪು ಉದುರಿಸಿ, ಸುರುಳಿ ಸುತ್ತಿ, ಮುಷ್ಟಿಯಲ್ಲಿ ಹಿಂಡಿ ನನ್ನ ತಟ್ಟೆಯಲ್ಲಿಟ್ಟಳು. ಅದನ್ನು ಗಿರಾಕಿಗಳಿಗೆ ಕೊಡೋದಿಲ್ಲ, ಮನೆಮಕ್ಕಳಿಗೆ ಮಾತ್ರ.

"ಇದನ್ನ ನಾವು ಹೇಳಿರಲಿಲ್ಲ," ಅಂದೆ.

"ತಪ್ಪಾಯ್ತು ಸೆನ್ಯೊರೀತಾ. ಬೇರೆ ಯಾರೋ ಅನ್ಕೊಂಡೆ."

ಎಫ್ರೇನನ ತಾಯಿ ಅದನ್ನೆತ್ತಿ ಕಚ್ಚಿದರು. "ಬರೀ ಉಪ್ಪು ಹಾಕಿದ್ದಕ್ಕೇ ಇಷ್ಟು ರುಚಿನಾ? ಯಾರು ಕಲಿಸಿದ್ದು ನಿಮಗೆ?"

"ಹಸಿಂತಾ ಅಂತ ಇದ್ಲು, ಈ ಒಲೆ ಅವಳದೇ. ತನ್ನ ಕೈ ಸುಟ್ಕೊಂಡ್ರೂ ಮಗಳನ್ನ ಬೆಂಕಿ ಹತ್ರ ಬಿಡ್ತಿರಲಿಲ್ಲ. ಹೋಗಿ ಓದ್ಕೋ ಅಂತ ಓಡಿಸೋಳು."

"ಆ ಮಗಳು ಈಗೆಲ್ಲಿ?"

ನಾನು ತಟ್ಟೆಯ ಗೊಜ್ಜಿನಲ್ಲಿ ಚಮಚ ಆಡಿಸುತ್ತಿದ್ದೆ. ಚೋನಾ ನನ್ನ ಕಡೆ ತಿರುಗಲೂ ಇಲ್ಲ.

"ಎಲ್ಲೋ ದೂರ ಇದ್ದಾಳಂತೆ. ಒಳ್ಳೇ ಹುಡುಗಿ. ಈ ಕಡೆ ಬಂದಿದ್ರೆ ಅಮ್ಮನ ಒಲೆ ಮುಟ್ಟದೆ ಹೋಗೋಳಲ್ಲ."

ಆಗಲೂ ನಾನು ಏಳಲಿಲ್ಲ, ಅಮ್ಮಾ. ಹೊರಡುವಾಗ ಚೋನಾಗೆ, ಊಟ ಚೆನ್ನಾಗಿತ್ತು ಅಂದೆ.