ಸಾವಾಗದ ಮನೆಯ ಪೆಸಹಾ

ಕಡಬ
೨-೪-೨೦೨೪

ನನ್ನ ಜಿನ್ಸಿ,

ನೀನೂ ಕೌಶಲನೂ ಸೌಖ್ಯವಾಗಿದ್ದೀರಿ ಅಂತ ನಂಬಿದ್ದೇನೆ. ಇಗರ್ಜಿ ಬಿಟ್ಟು ಕೌಶಲನ ಜೊತೆ ನಿನ್ನ ರಿಜಿಸ್ಟರ್ ಮದುವೆಯಾಗಿ ಎಂಟು ತಿಂಗಳಾಯಿತು, ಕಾಣಿಯೂರು ಇಲ್ಲೇ ಉಂಟು, ಆದರೂ ಬರೆಯಲಿಕ್ಕೆ ಇಷ್ಟು ತಡ ಮಾಡಿದೆ. ತಪ್ಪು ನನ್ನದೇ. ಫೋನ್ ನೀನು ತೆಗೆಯುದಿಲ್ಲ. ಮಲಯಾಳಂ ಬರೆಯಲಿಕ್ಕೆ ನನಗೂ ಬರುದಿಲ್ಲ, ನಿನಗೂ ಬರುದಿಲ್ಲ, ಅದಕ್ಕೆ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಾನು ಭಾರೀ ಕೋಪದಲ್ಲಿದ್ದೇನೆ ಮಗಳೇ. ಈಸ್ಟರಿಗೆ ಮೊದಲಿನ ಪೆಸಹಾ ಗುರುವಾರ, ಯೇಸುಸ್ವಾಮಿಯ ಕಡೆಯ ಊಟದ ನೆನಪಿಗೆ ಮನೆಯವರೆಲ್ಲ ಹಂಚಿ ತಿನ್ನುವ ಅಪ್ಪಂ ಮಾಡಲಿಕ್ಕೆ ಬೆಳಿಗ್ಗೆ ಅಕ್ಕಿ, ಉದ್ದು ಅರೆದಿಟ್ಟಿದ್ದೆ. ರಬ್ಬರ್ ಹಾಲು ತೆಗೆದು ಬಂದ ನಿನ್ನ ಪಪ್ಪ ಪಾತ್ರೆ ನೋಡಿ, "ವರ್ಷದೊಳಗೆ ಸಾವಾದ ಮನೆಯಲ್ಲಿ ಪೆಸಹಾ ಅಪ್ಪಂ ಮಾಡುದು ಉಂಟಾ?" ಅಂತ ಕೇಳಿದರು. "ಯಾರು ಸತ್ತದ್ದು?" ಅಂದೆ. "ನಿನಗೆ ಗೊತ್ತಿಲ್ವಾ?" ಅಂತ ಹಿಟ್ಟನ್ನೆಲ್ಲ ತೆಂಗಿನ ಬುಡಕ್ಕೆ ಸುರಿದು ಬಂದರು.

ಸಂಜೆ ಅದೇ ಮನುಷ್ಯ ಇಸ್ತ್ರಿ ಹಾಕಿದ ಬಿಳಿ ಮುಂಡು ಉಟ್ಟು ಇಗರ್ಜಿಯಲ್ಲಿ ಕಾಲು ತೊಳೆಯುವ ಶಾಸ್ತ್ರಕ್ಕೆ ಹನ್ನೆರಡು ಮಂದಿ ಶಿಷ್ಯರ ಸಾಲಿನಲ್ಲಿ ಕೂತರು. ಫಾದರ್ ಮೊಣಕಾಲೂರಿ ಅವರ ಕಾಲು ತೊಳೆದು, ಒರೆಸಿ, ಮುತ್ತು ಕೊಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಯೇಸುಸ್ವಾಮಿ ತನ್ನನ್ನು ಹಿಡಿದುಕೊಡುವ ಯೂದಾಸನ ಕಾಲನ್ನೂ ತೊಳೆದವರು, ಗೊತ್ತಿದ್ದೇ ತೊಳೆದವರು. ಇವರಿಗೆ ಸ್ವಂತ ಮಗಳ ಪಾಲಿನ ಒಂದು ತುಂಡು ಅಪ್ಪಂ ತೆಗೆದಿಡಲಿಕ್ಕೆ ಆಗುದಿಲ್ಲ.

ಮನೆಗೆ ಬಂದರೆ ಪಪ್ಪನ ತಂಗಿ ಏಲಿಕುಟ್ಟಿ ಬಾಳೆಲೆ ಮುಚ್ಚಿದ ಅಪ್ಪಂ ಹಿಡಿದು ನಿಂತಿದ್ದಳು. ಸಾವಿನ ಮನೆಗೆ ಸಂಬಂಧಿಕರು ತಂದುಕೊಡುದಲ್ವಾ, ಹಾಗೆ. ಮುಖ ಬೇರೆ ಸಪ್ಪೆ ಮಾಡಿಕೊಂಡಿದ್ದಳು. "ನನ್ನ ಮಗಳು ಕಾಣಿಯೂರಿನಲ್ಲಿ ಉಂಡುಕೊಂಡು ಇದ್ದಾಳೆ, ಇದನ್ನು ತೆಗೊಂಡು ಹೋಗು ಮಾರಾಯ್ತಿ" ಅಂದೆ. ಗಲಾಟೆ ಕೇಳಿ ಆಚೆ ಮನೆಯ ನೆಬೀಸ ಬೇಲಿಯ ಹತ್ತಿರ ಬಂದು, "ಯಾರು ಹೋದದ್ದು ಅಕ್ಕಾ?" ಅಂತ ಕೇಳಿದಳು. ನಾಚಿಕೆಯಲ್ಲಿ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಈಸ್ಟರ್ ದಿನದ ಪ್ರಸಂಗದಲ್ಲಿ ಫಾದರ್, "ದೇವರ ಪ್ರೀತಿಗೆ ಶರತ್ತಿಲ್ಲ, ನಾವು ಒಳ್ಳೆಯವರಾಗಲಿ ಅಂತ ಅವರು ಕಾಯಲಿಲ್ಲ, ಮೊದಲೇ ಪ್ರಾಣ ಕೊಟ್ಟರು" ಅಂದರು. ನಿನ್ನ ಪಪ್ಪ ತಲೆ ಆಡಿಸಿದ್ದೇ ಆಡಿಸಿದ್ದು. ಹೊರಗೆ ಬಂದ ಮೇಲೆ ಎಲ್ಲರ ಎದುರೇ ಕೇಳಿದೆ, "ಹಾಗಾದರೆ ಮಗಳು ಮನೆಗೆ ಯಾವಾಗ ಬರುದು?" ಅಂತ. "ಅದು ದೇವರಿಗೆ ಆಗ್ತದೆ, ನನಗೆ ಆಗುದಿಲ್ಲ" ಅಂದರು. "ಆಗದಿದ್ದರೆ ಮುಂದಿನ ವರ್ಷ ಕಾಲು ಚಾಚಿಕೊಂಡು ಅಲ್ಲಿ ಕೂರಬೇಡಿ" ಅಂದೆ.

ಬರುವ ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ಅವರು ಎಂತ ಬೇಕಾದರೂ ಹೇಳಲಿ, ಗೇಟು ನಾನು ತೆಗೆಯುತ್ತೇನೆ. ಕೌಶಲನಿಗೆ ಮೀನು ಆಗಬಹುದಾ, ಕೋಳಿ ಬೇಕಾ, ಈ ಕಾಗದ ತರುವ ನೆಬೀಸಳ ಗಂಡ ಹಕೀಮನ ಹತ್ತಿರ ಹೇಳಿ ಕಳಿಸು.

ದೇವಮಾತೆ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಮ್ಮ,
ತ್ರೇಸ್ಯಾ

ಮತ್ತೆ: ಮದುವೆಯಾಯಿತು ಅಂತ ನೀನು ಪುತ್ತೂರಿನಿಂದ ಫೋನ್ ಮಾಡಿದಾಗ "ನಮ್ಮ ಪಾಲಿಗೆ ನೀನು ಸತ್ತೆ" ಅಂದೆನಲ್ಲ. ಪಪ್ಪ ಪಕ್ಕದಲ್ಲಿ ನಿಂತು ಹೇಳಿಸಿದ್ದು ಅಂತ ನೀನು ತಿಳಿದಿರಬಹುದು. ಅಲ್ಲ. ಅವರು ತೋಟದಲ್ಲಿದ್ದರು, ಅವರಿಗೆ ಏನೂ ಗೊತ್ತಿರಲಿಲ್ಲ. ಬಂದು ಕೈಕಾಲು ತೊಳೆಯುತ್ತಾ, "ಮಗಳು ಬಂದಳಾ? ಊಟ ಮಾಡಿದಳಾ?" ಅಂತ ಕೇಳಿದರು. ನಮ್ಮ ಪಾಲಿಗೆ ಅವಳು ಸತ್ತಳು ಅಂತ ಅವರಿಗೆ ಹೇಳಿದ್ದು ನಾನೇ.